ಎಲ್ಲರ ನುಡಿ, ಯಾರದೂ ಅಲ್ಲದ ನುಡಿ



ಮಾತನ್ನು ಮುತ್ತು, ಮಾಣಿಕ್ಯ, ಸ್ಫಟಿಕಗಳಿಗೆ ಹೋಲಿಸಿದ ಬಸವಣ್ಣನವರ ವಚನವನ್ನು ಅರಿಯದ ಶರಣಬಂಧುಗಳಿಲ್ಲ. ಹೋಲಿಕೆಗಳೆಲ್ಲ ಮುಗಿದ ಮೇಲೆ ಬರುವ ಪ್ರಶ್ನೆಯೇ ಆ ವಚನದ ಹೃದಯವಾಗಿದೆ. ಆಡಿದ ಮಾತಿಗೆ ತಕ್ಕ ಬದುಕು ಇಲ್ಲದಿದ್ದರೆ ದೇವನು ಒಲಿಯುವುದೆಂತು ಎಂಬುದೇ ಆ ಪ್ರಶ್ನೆ. ಯಾವ ಭಾಷೆಯಲ್ಲಿ ನುಡಿಯಬೇಕೆಂಬ ವಿಚಾರವನ್ನು ಅಣ್ಣನವರು ಅಲ್ಲಿ ಎತ್ತಲೇ ಇಲ್ಲ. ಹೇಗೆ ನುಡಿಯಬೇಕೆಂಬುದನ್ನಷ್ಟೇ ವಿಚಾರಿಸಿದರು. ಕೋಲಾರ ಸೀಮೆಯ ಭಕ್ತರು ಈ ವಚನವನ್ನು ಮತ್ತೊಮ್ಮೆ ನಿಧಾನವಾಗಿ ಓದಬೇಕಾದ ಕಾರಣವಿದೆ. ಹಾಗೆ ಓದುವುದಕ್ಕೆ ಎಸ್ಪೆರಾಂಟೊ ಎಂಬ ದೂರದ ಭಾಷೆಯೊಂದು ಕನ್ನಡಿಯಾಗಬಲ್ಲದು.

ಕೋಲಾರ ಜಿಲ್ಲೆ ಗಡಿಯ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆಗೆ ಆಂಧ್ರ. ಮಾಲೂರಿನ ಆಚೆಗೆ ಹೊಸೂರು, ತಮಿಳುನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಚಿನ್ನದ ಗಣಿಯ ಊರಿನಲ್ಲಿ ತಮಿಳು ಎಂಬುದು ಇಲ್ಲಿನವರಿಗೆ ವಿಶೇಷವೇ ಅಲ್ಲ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಕೃತಿಗಾಗಿ ಅವರಿಗೆ 1983ರ ಜ್ಞಾನಪೀಠ ಸಂದಿತು. ನೆರೆಯ ಕೈವಾರದ ನಾರೇಯಣ ಯತೀಂದ್ರರು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಹಾಡಿದರು. ಇಷ್ಟಿದ್ದರೂ ಶ್ರೀನಿವಾಸಪುರದ ತೆಲುಗು ಮನೆಯ ಮಗು ತರಗತಿಯಲ್ಲಿ ಕನ್ನಡ ತಪ್ಪಿದರೆ ನಗುವವರು ಇಲ್ಲದಿಲ್ಲ. ಅದೇ ಮಗು ಬೆಂಗಳೂರಿಗೆ ಹೋದ ಮೇಲೆ ಇಂಗ್ಲಿಷ್ ತಪ್ಪಿದರೆ ಮತ್ತೊಮ್ಮೆ ನಗೆಗೆ ಗುರಿಯಾಗುತ್ತದೆ. ಕಲಿಯುವ ಭಾರವೆಲ್ಲ ಒಬ್ಬರ ಹೆಗಲಿಗೆ, ನಗುವ ಅಧಿಕಾರವೆಲ್ಲ ಇನ್ನೊಬ್ಬರಿಗೆ! ಇದು ನ್ಯಾಯವೇ ಎಂಬ ಪ್ರಶ್ನೆಯೇ ಎಸ್ಪೆರಾಂಟೊ ಭಾಷೆಯ ಹುಟ್ಟಿಗೆ ಕಾರಣವಾಯಿತು.

ಲುದ್ವಿಕ್ ಜಾಮೆನ್‌ಹಾಫ್ 1859ರಲ್ಲಿ ಬಿಯಾಲಿಸ್ತೋಕ್ ಎಂಬ ಊರಿನಲ್ಲಿ ಜನಿಸಿದರು. ಅಂದು ರಷ್ಯಾ ಸಾಮ್ರಾಜ್ಯದಲ್ಲಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ನುಡಿಯುವ ಜನರು ಅಲ್ಲಿ ಒಂದೇ ಬೀದಿಯಲ್ಲಿ ವಾಸಿಸುತ್ತ ಒಬ್ಬರನ್ನೊಬ್ಬರು ಶಂಕಿಸುತ್ತಿದ್ದರು. ಯಹೂದಿ ಮನೆತನದ ಆ ಬಾಲಕನ ಮನಸ್ಸನ್ನು ಇದು ಕಲಕಿತು. ಮುಂದೆ ಕಣ್ಣಿನ ವೈದ್ಯರಾದ ಅವರು 1887ರಲ್ಲಿ ವಾರ್ಸಾದಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ್ದೂ ಅದೇ ವರ್ಷ. ಹೊತ್ತಗೆಯಲ್ಲಿ ಅವರು ಇಟ್ಟುಕೊಂಡ ಹೆಸರು ಡಾಕ್ಟರ್ ಎಸ್ಪೆರಾಂಟೊ, ಎಂದರೆ ಭರವಸೆಯುಳ್ಳವನು. ಅದೇ ಭಾಷೆಯ ಹೆಸರಾಯಿತು. ಆ ಭಾಷೆಯ ಮೇಲೆ ತಮಗೆ ಯಾವ ಹಕ್ಕೂ ಇಲ್ಲ, ಅದು ಸರ್ವರ ಸೊತ್ತು ಎಂದು ಅವರು ಆರಂಭದಲ್ಲಿಯೇ ಸಾರಿಬಿಟ್ಟರು. ಮಾಡಿದೆನೆಂಬ ಅಹಂಕಾರವನ್ನು ಕಳೆದುಕೊಳ್ಳಬೇಕೆನ್ನುವ ಶರಣರ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಪಶ್ಚಿಮದಲ್ಲಿ ಸುಲಭವಾಗಿ ದೊರೆಯದು.

ಕನ್ನಡಿಗರಿಗೆ ಈ ಭಾಷೆಯ ಹಲವು ಗುಣಗಳು ಪರಿಚಿತವೆನಿಸುತ್ತವೆ. ಬರೆದಂತೆಯೇ ಓದು, ಓದಿದಂತೆಯೇ ಬರಹ. ಮೂಲವ್ಯಾಕರಣಕ್ಕೆ 16 ನಿಯಮಗಳಷ್ಟೇ. ನಾಮಪದವೆಲ್ಲ ಓಕಾರದಲ್ಲಿ, ವಿಶೇಷಣವೆಲ್ಲ ಆಕಾರದಲ್ಲಿ ಮುಗಿಯುತ್ತದೆ. ಕನ್ನಡದ ದ್ವಿತೀಯಾ ವಿಭಕ್ತಿಗೆ 'ಅನ್ನು' ಇರುವಂತೆ ಅಲ್ಲಿ 'ನ್' ಪ್ರತ್ಯಯವಿದೆ. ಪದಕ್ಕೆ ಪ್ರತ್ಯಯ ಪೋಣಿಸಿ ಹೊಸ ಪದ ಕಟ್ಟುವ ರೀತಿಯೂ ಹೊಸದಲ್ಲ. 'ಸಾನ' ಎಂದರೆ ಆರೋಗ್ಯವುಳ್ಳ, 'ಮಾಲ್‌ಸಾನ' ಎಂದರೆ ರೋಗವುಳ್ಳ, 'ಮಾಲ್‌ಸಾನೂಲೊ' ರೋಗಿ, 'ಮಾಲ್‌ಸಾನೂಲೇಯೊ' ಆಸ್ಪತ್ರೆ. ಒಂದು ಬೇರು ತಿಳಿದವನಿಗೆ ಹತ್ತು ಪದಗಳು ತಾವಾಗಿ ಒದಗಿಬರುತ್ತವೆ.

ಆದರೆ ಭಾಷೆಗಿಂತ ಅದರ ಬಳಗವೇ ಹೆಚ್ಚು ಗಮನಾರ್ಹವಾದುದು. 1905ರಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. 1908ರಲ್ಲಿ ವಿಶ್ವ ಎಸ್ಪೆರಾಂಟೊ ಸಂಘ ಸ್ಥಾಪನೆಯಾಯಿತು. ಬಂಗಾಳದ ಭಾಷಾವಿಜ್ಞಾನಿ ಪ್ರಬಾಲ್ ದಾಸಗುಪ್ತ ಅವರು 2007ರಿಂದ 2013ರವರೆಗೆ ಅದರ ಅಧ್ಯಕ್ಷರಾಗಿದ್ದರು. 2008ರಲ್ಲಿ ಏಷ್ಯಾ ಖಂಡದ ಎಸ್ಪೆರಾಂಟೊ ಸಮ್ಮೇಳನ ಸೇರಿದ್ದು ಬೆಂಗಳೂರಿನಲ್ಲಿಯೇ. 'ಪಾಸ್ಪೋರ್ತಾ ಸೆರ್ವೊ' ಎಂಬ ಅವರ ಒಂದು ಏರ್ಪಾಡು 1974ರಿಂದ ನಡೆದುಬಂದಿದೆ. ಎಸ್ಪೆರಾಂಟೊ ಬಲ್ಲ ಅತಿಥಿಗೆ ಹಣ ಪಡೆಯದೆ ತಂಗಲು ಎಡೆಕೊಡುವ ಮನೆಗಳ ಪಟ್ಟಿಯದು. ಬಂದವನು ಯಾರವನೆಂದು ಕೇಳದೆ ತನ್ನವನೆಂದು ಬರಮಾಡಿಕೊಳ್ಳಬೇಕೆಂದ ಬಸವಣ್ಣನವರ ಮಕ್ಕಳಿಗೆ ಈ ದಾಸೋಹಬುದ್ಧಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಆಕ್ಷೇಪಗಳೂ ಇವೆ, ಅವು ಹಗುರವಾದುವಲ್ಲ. ಎಸ್ಪೆರಾಂಟೊ ಪದಗಳ ಬೇರುಗಳು ಬಹುಪಾಲು ಯುರೋಪಿನವು. ಆದುದರಿಂದ ಇಟಲಿಯವನಿಗೆ ಅದು ಎಷ್ಟು ಸುಲಭವೋ ಮಾಲೂರಿನವನಿಗೆ ಅಷ್ಟು ಸುಲಭವಲ್ಲ. ಕನ್ನಡವೇ ಸೊರಗುತ್ತಿರುವಾಗ ನೆಲವಿಲ್ಲದ ನುಡಿಯೊಂದು ಏಕೆ ಎಂದು ಹಿರಿಯರು ಕೇಳಿದರೆ ಅದೂ ಸಹಜವೇ. ಮೊದಲನೆಯ ಆಕ್ಷೇಪ ನಿಜ, ಒಪ್ಪಬೇಕಾದುದು. ಎರಡನೆಯದಕ್ಕೆ ಉತ್ತರವಿದೆ. ಜಾಮೆನ್‌ಹಾಫರು ಯಾರ ತಾಯ್ನುಡಿಯನ್ನೂ ತೊರೆಯಿರಿ ಎನ್ನಲಿಲ್ಲ. ಪ್ರತಿಯೊಬ್ಬರಿಗೂ ಮೊದಲು ತಾಯ್ನುಡಿ, ಅದರ ಪಕ್ಕದಲ್ಲಿ ಎಲ್ಲರಿಗೂ ಸಮಾನವಾದ ಎರಡನೆಯ ನುಡಿ ಎಂಬುದು ಅವರ ಆಶಯ. ಆ ನುಡಿಯಲ್ಲಿ ಬಹುತೇಕ ಎಲ್ಲರೂ ಕಲಿಯುವವರೇ. ತಪ್ಪಿದವನನ್ನು ನೋಡಿ ನಗುವ ಒಡೆಯನು ಅಲ್ಲಿಲ್ಲ.

ಕಲ್ಯಾಣದ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರಿ ಬದುಕಿದರೆಂಬುದು ಪರಂಪರೆಯ ಮಾತು. ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವರು. ಬೇರೆ ಬೇರೆ ನುಡಿಯ ಇವರು ಕನ್ನಡ ಕಲಿತು ಕನ್ನಡದಲ್ಲಿಯೇ ವಚನ ನುಡಿದರು. ಅವರ ಕನ್ನಡವನ್ನು ತೂಗಿ ನೋಡಿ ಅನುಭಾವಿಗಳು ಅವರನ್ನು ಹೊರಗಿಟ್ಟಿದ್ದರೆ ಆ ವಚನಗಳು ಇಂದು ದೊರೆಯುತ್ತಿರಲಿಲ್ಲ. ಶರಣರ ಕಥೆಯೂ ಒಂದೇ ಭಾಷೆಯಲ್ಲಿ ನಿಲ್ಲಲಿಲ್ಲ. ಪಾಲ್ಕುರಿಕೆ ಸೋಮನಾಥನು ಬಸವಪುರಾಣವನ್ನು ಮೊದಲು ತೆಲುಗಿನಲ್ಲಿ ಬರೆದನು. ಭೀಮಕವಿ ಅದನ್ನು 1369ರಲ್ಲಿ ಕನ್ನಡಕ್ಕೆ ತಂದನು. ಮುಳಬಾಗಿಲಿನ ತೆಲುಗು ಭಕ್ತನು ಬಸವಣ್ಣನವರಿಗೆ ಹೊರಗಿನವನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಭಾಷೆಯೊಂದೇ ಆದರೆ ಜಗಳ ತೀರುವುದೇ? ತೀರದು. ಹರಳಯ್ಯ ಮಧುವಯ್ಯರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದವರೂ ಕನ್ನಡವನ್ನೇ ಆಡುತ್ತಿದ್ದರು. ಶಿಕ್ಷೆ ಅನುಭವಿಸಿದವರ ಮಾತೂ ಅದೇ ಕನ್ನಡ. ಜಾಮೆನ್‌ಹಾಫರ ಮನೆಯ ಪಾಡು ಇನ್ನೂ ಘೋರವಾದುದು. ಅವರು 1917ರಲ್ಲಿ ತೀರಿಕೊಂಡರು. ಅವರ ಮಗ ಆದಾಮನನ್ನು ನಾಜಿಗಳು 1940ರಲ್ಲಿ ಗುಂಡಿಟ್ಟು ಕೊಂದರು; ಹೆಣ್ಣುಮಕ್ಕಳಾದ ಜೋಫಿಯಾ ಮತ್ತು ಲಿದಿಯಾ 1942ರಲ್ಲಿ ತ್ರೆಬ್ಲಿಂಕಾ ಶಿಬಿರದಲ್ಲಿ ಬಲಿಯಾದರು. ತಂದೆಯ ಭಾಷೆ ಅವರನ್ನು ಉಳಿಸಲಿಲ್ಲ. ಆದರೂ ಆ ಬಳಗವು ಯುದ್ಧ ಮುಗಿದ ಮೇಲೆ ಮತ್ತೆ ಸೇರಿತು. ಭಾಷೆ ಬಾಗಿಲು ಮಾತ್ರ. ಒಳಗೆ ಬಂದವನಿಗೆ ಮಣೆ ಹಾಕುವುದು ಮನಸ್ಸಿನ ಕೆಲಸ. ಬಸವಣ್ಣನವರು ನುಡಿಯ ಸೊಗಸನ್ನು ಹೊಗಳಿ ಕೊನೆಗೆ ನಡೆಯನ್ನು ಕೇಳಿದ್ದು ಈ ಕಾರಣಕ್ಕಾಗಿಯೇ.

ಬಿಡುವೂ ಆಸಕ್ತಿಯೂ ಉಳ್ಳ ತರುಣ ತರುಣಿಯರು ಎಸ್ಪೆರಾಂಟೊ ಕಲಿಯುವುದು ಒಳ್ಳೆಯದೇ. ಹೊಸ ಭಾಷೆಯ ಮುಂದೆ ಮತ್ತೆ ಒಂದನೆಯ ತರಗತಿಯ ಮಗುವಾಗಿ ಕುಳಿತವನಿಗೆ ಅಹಂಕಾರ ತುಸು ಕರಗುತ್ತದೆ. ಕಲಿಯುವವನ ಕಷ್ಟ ಅರಿವಾಗುತ್ತದೆ. ಆದರೆ ಆ ಅರಿವಿನ ಮೊದಲ ಪರೀಕ್ಷೆ ದೂರದ ದೇಶದಲ್ಲಿ ನಡೆಯುವುದಿಲ್ಲ. ನರಸಾಪುರದ ಕಾರ್ಖಾನೆಗೆ ದುಡಿಯಲು ಬಂದ ಹೊರರಾಜ್ಯದ ಹುಡುಗನು ತೊದಲು ಕನ್ನಡದಲ್ಲಿ ದಾರಿ ಕೇಳಿದಾಗ ನಡೆಯುತ್ತದೆ. ತೆಲುಗು ಮನೆಯ ಮಗುವೊಂದು ವಚನಗೋಷ್ಠಿಯಲ್ಲಿ ಎದ್ದುನಿಂತು ತಡವರಿಸಿ ವಚನ ಹೇಳುವಾಗ ನಡೆಯುತ್ತದೆ. ಆಗ ನಗದೆ ಕೊನೆಯವರೆಗೂ ಕೇಳಿಸಿಕೊಂಡವನೇ ಮಾತಿನ ಬೆಲೆಯನ್ನು ಬಲ್ಲವನು.