ಕ್ಯಾಬರೆ ಬೋರ್ಡಿನ ಕೆಳಗಿನ ಸಾಲು

"ನೀನು ಕಂಪನಿ ನಾಟಕದ ಮೇಲೆ ಪಿಎಚ್‌ಡಿ ಮಾಡ್ತಿದ್ದೀಯಲ್ಲ ಮಾರಾಯ್ತಿ, ಒಂದು ಉಪಕಾರ ಮಾಡು" ಎಂದು ಶಿವಮೊಗ್ಗದಲ್ಲಿ ಬೋರ್ಡು, ಬ್ಯಾನರುಗಳ ಕೆಲಸ ಮಾಡುವ ಗೆಳೆಯ ಫೋನ್ ಮಾಡಿದ್ದು ನವೆಂಬರ್ ತಿಂಗಳ ಒಂದು ಸಂಜೆ. ಊರ ಹೊರಗಿನ ಹೋಟೆಲೊಂದರವರು ವರ್ಷದ ಕೊನೆಗೆ 'ರೆಟ್ರೋ ಕ್ಯಾಬರೆ ನೈಟ್' ಇಟ್ಟುಕೊಂಡಿದ್ದರು. ಎಂಟಡಿ ಅಗಲದ ಬೋರ್ಡು, ಅಕ್ಷರದ ತುಂಬ ಬಲ್ಬು, ಅಂಚಿಗೆ ರನ್ನಿಂಗ್ ಲೈಟು. ಅದೇ ಅಕ್ಷರ ಟಿಕೆಟ್ಟಿಗೆ, ಮೆನು ಕಾರ್ಡಿಗೆ, ಮೊಬೈಲಿಗೆ ಕಳಿಸುವ ಪೋಸ್ಟರಿಗೆ. ಇಂಗ್ಲಿಷಿಗಾದರೆ ಗೆಳೆಯನ ಕಂಪ್ಯೂಟರಿನಲ್ಲಿ ನೂರಾರು ಮಾದರಿಗಳಿದ್ದವು, ಕನ್ನಡಕ್ಕೆ ಒಂದೂ ಇರಲಿಲ್ಲ. ನಾಮಫಲಕದಲ್ಲಿ ಶೇ 60 ಭಾಗ ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಬಂದ ಮೇಲೆ ಹೋಟೆಲಿನವರಿಗೂ ಕನ್ನಡ ದೊಡ್ಡದಾಗಿಯೇ ಬೇಕಿತ್ತು. "ಹಳೇ ಕಾಲದ ಥರ ಕಾಣೋ ಕನ್ನಡ" ಬರೆದುಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ಅವನು ಕಳಿಸಿದ ಮಾದರಿ ಚಿತ್ರಗಳಲ್ಲಿ ಪ್ಯಾರಿಸ್ಸಿನ ಮೂಲಾಂ ರೂಜ್‌ನ ಕೆಂಪು ಗಾಳಿಯಂತ್ರವಿತ್ತು, ಲಾಸ್ ವೇಗಸ್ಸಿನ ಬೀದಿಯಿತ್ತು, ಹಿಂದಿ ಸಿನಿಮಾದ ಹೆಲೆನ್ ಇದ್ದರು. ನಮ್ಮ ಕಡೆಯದು ಒಂದೂ ಇರಲಿಲ್ಲ. ಯಾಕೆಂದು ಕೇಳಿದೆ. "ನಮ್ಮೂರಲ್ಲಿ ಇದೆಲ್ಲ ಎಲ್ಲಿತ್ತು?" ಎಂದ. ಆ ಪ್ರಶ್ನೆಗೆ ಅವತ್ತು ಫೋನಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಸಿಟ್ಟೂ ಇದೆ, ಸಹಿಸಿಕೊಳ್ಳಿ.

ಇತ್ತು. ಶಿವಮೊಗ್ಗದಲ್ಲಿತ್ತು, ಬಿ.ಎಚ್. ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಭದ್ರಾವತಿಯಲ್ಲೂ ಇತ್ತು. ಜಾತ್ರೆಯ ಸಮಯಕ್ಕೆ ನಾಟಕ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತಿದ್ದವು. ತಗಡಿನ ಥಿಯೇಟರು, ಮುಂದೆ ಬಿದಿರಿನ ಕಮಾನು, ಕಮಾನಿಗೆ ಬಣ್ಣದ ಬಲ್ಬಿನ ಸರ, ನಡುವೆ ನಾಟಕದ ಹೆಸರು. ಸಿನಿಮಾದ ಜೊತೆ ಪೈಪೋಟಿ ಹೆಚ್ಚಾದ ದಿನಗಳಲ್ಲಿ ಹಲವು ಕಂಪನಿಗಳು ದೃಶ್ಯದ ನಡುನಡುವೆ ರೆಕಾರ್ಡ್ ಡ್ಯಾನ್ಸ್ ಸೇರಿಸಿದವು. ಅದಕ್ಕೆ ಅವು ಇಟ್ಟುಕೊಂಡ ಹೆಸರೇ ಕ್ಯಾಬರೆ. ಈಗ ಹೋಟೆಲಿನವರು 'ರೆಟ್ರೋ' ಎಂದು ಹುಡುಕುತ್ತಿರುವುದು ಇದನ್ನೇ. ಆದರೆ ಹುಡುಕುತ್ತಿರುವುದು ಪ್ಯಾರಿಸ್ಸಿನಲ್ಲಿ.

ಸಂಶೋಧನೆಗೆಂದು ಭದ್ರಾವತಿಯ ಹಳೇನಗರದಲ್ಲಿ ಒಬ್ಬರನ್ನು ನಾನು ಆಗಾಗ ಭೇಟಿಯಾಗುತ್ತೇನೆ. ಅರವತ್ತೈದು ದಾಟಿದವರು. ದಾವಣಗೆರೆ ಕಡೆಯಿಂದ ಕಂಪನಿಯ ಜೊತೆ ಬಂದವರು ಇಲ್ಲೇ ಉಳಿದುಕೊಂಡರು. ಕಾರ್ಖಾನೆಯ ಎರಡನೇ ಪಾಳಿ ಮುಗಿಸಿದವರು ಊಟದ ಡಬ್ಬಿ ಹಿಡಿದೇ ಎರಡನೇ ಆಟಕ್ಕೆ ಬಂದು ಕೂರುತ್ತಿದ್ದುದನ್ನು ಅವರು ನಗುತ್ತ ಹೇಳುತ್ತಾರೆ. ಫೋಕಸ್ ಲೈಟಿನ ಮುಂದೆ ಬಣ್ಣದ ಕಾಗದ ಅಂಟಿಸಿದ ಚಕ್ರವನ್ನು ಒಬ್ಬ ಹುಡುಗ ಕೈಯಲ್ಲಿ ತಿರುಗಿಸುತ್ತಿದ್ದ. ಅವನಿಗೆ ತೂಕಡಿಕೆ ಬಂದರೆ ಇಡೀ ಹಾಡು ಹಸಿರು ಬೆಳಕಿನಲ್ಲೇ ಮುಗಿಯುತ್ತಿತ್ತು.

"ಎಂಟು ವರ್ಷ ಕುಣಿದೀನಿ ತಾಯಿ" ಎಂದರು ಒಮ್ಮೆ. "ಕಮಾನಿನ ಮ್ಯಾಲೆ ಬಲ್ಬ್ ಹತ್ತಿರ್ತಿತ್ತು, ಕ್ಯಾಬರೆ ಅಂತ. ಆ ಕ್ಯಾಬರೆ ಅಂದ್ರೆ ನಾನೇ. ಹೆಸರು ಮಾತ್ರ ನಂದಲ್ಲ."

ಅವರ ಬಳಿ ಐದು ಕರಪತ್ರಗಳಿವೆ. ನಾಟಕಕಾರರ ಹೆಸರಿದೆ, ಮಾಲೀಕರ ಹೆಸರಿದೆ, ನಾಯಕ ನಾಯಕಿಯರ ಹೆಸರಿದೆ, ಹಾಸ್ಯದವರ ಹೆಸರು ದಪ್ಪಕ್ಷರದಲ್ಲಿದೆ, ಸೀನರಿ ಬರೆದವರದೂ ಇದೆ. ಇವರು ಮಾತ್ರ ಒಂದರಲ್ಲಿ 'ಜೂನಿಯರ್ ಜ್ಯೋತಿಲಕ್ಷ್ಮಿ', ಇನ್ನೊಂದರಲ್ಲಿ 'ಜೂನಿಯರ್ ಜಯಮಾಲಿನಿ'. ಸಿನಿಮಾದ ಆ ಇಬ್ಬರು ನರ್ತಕಿಯರು ಅಕ್ಕತಂಗಿಯರು. ಒಂದು ಕ್ಯಾಂಪಿನಲ್ಲಿ ಅಕ್ಕ, ಇನ್ನೊಂದರಲ್ಲಿ ತಂಗಿ. ಉಳಿದ ಮೂರು ಕರಪತ್ರಗಳಲ್ಲಿ ಅಷ್ಟೂ ಇಲ್ಲ, 'ಭರ್ಜರಿ ಕ್ಯಾಬರೆ ನೃತ್ಯವಿದೆ' ಎಂದಷ್ಟೇ ಇದೆ.

ಕೆಲವು ವರ್ಷಗಳ ಹಿಂದೆ ಅವರು ಕಲಾವಿದರ ಮಾಸಾಶನಕ್ಕೆ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು. ರಂಗಸೇವೆಗೆ ದಾಖಲೆ ಕೇಳಿದರು. ಇವರು ಐದೂ ಕರಪತ್ರಗಳನ್ನು ಮೇಜಿನ ಮೇಲಿಟ್ಟರು. ಮೇಜಿನ ಆಚೆಗಿದ್ದವರು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ನಿಮ್ಮ ಹೆಸರೆಲ್ಲಿದೆ?" ಎಂದರು. ಕೇಳಿದ್ದು ತಪ್ಪಲ್ಲ, ಕಾಗದ ನೋಡುವವರು ಕಾಗದದಲ್ಲಿರುವುದನ್ನೇ ನೋಡಬೇಕು. ಅರ್ಜಿ ವಾಪಸ್ಸು ಬಂತು. ಹಾಗಾಗಿ ಬೋರ್ಡಿನಲ್ಲಿ ಹೆಸರು ಇರುವುದು, ಇಲ್ಲದಿರುವುದು ಬರೀ ಅಂದಚಂದದ ಪ್ರಶ್ನೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ತಿಂಗಳ ಅಕ್ಕಿಯ ಪ್ರಶ್ನೆ, ಮಾತ್ರೆಯ ಪ್ರಶ್ನೆ.

ನನ್ನ ಮೊದಲ ಜಗಳ ಹೋಟೆಲಿನವರ ಜೊತೆಗಲ್ಲ, ನನ್ನ ಓರಗೆಯ ಸಂಶೋಧಕರ ಜೊತೆ, ನನ್ನ ಜೊತೆಗೂ. ನಾವು ಬರೆಯುವ ವೃತ್ತಿರಂಗಭೂಮಿಯ ಕಥೆ ಹೀಗಿರುತ್ತದೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಬಿ. ಜಯಮ್ಮ ಹಾಡಿದರು, ಚಿಂದೋಡಿ ಲೀಲಾ ಕಂಪನಿ ನಡೆಸಿದರು. ಆಮೇಲೆ ಸಿನಿಮಾ ಬಂತು, ಕಂಪನಿಗಳು ದ್ವಂದ್ವಾರ್ಥಕ್ಕೂ ಕ್ಯಾಬರೆಗೂ ಇಳಿದವು, ಅವನತಿ ಶುರುವಾಯಿತು. ಅಷ್ಟರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ್ದ ನೀನಾಸಂ ದೊಡ್ಡದಾಗಿ ಬೆಳೆದಿರುತ್ತದೆ, ಲೇಖನ ಅತ್ತ ತಿರುಗಿಕೊಳ್ಳುತ್ತದೆ. ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ 'ಇಳಿದವು' ಎನ್ನುವಾಗ ಇಳಿದವರು ಯಾರು, ಇಳಿಸಿದವರು ಯಾರು ಎಂದು ನಾವು ಕೇಳುವುದಿಲ್ಲ. ಗಲ್ಲಾಪೆಟ್ಟಿಗೆ ತುಂಬಿಸಿ, ಹಾರ್ಮೋನಿಯಂ ಮೇಷ್ಟ್ರ ಸಂಬಳವನ್ನೂ ಹರಿಶ್ಚಂದ್ರನ ಪಾತ್ರಧಾರಿಯ ಊಟವನ್ನೂ ನಡೆಸಿದ ಹೆಣ್ಣುಮಗಳು ನಮ್ಮ ಪುಸ್ತಕದಲ್ಲಿ ಒಂದು ರೋಗಲಕ್ಷಣ ಮಾತ್ರ. ನನ್ನದೇ ಸಿನಾಪ್ಸಿಸ್ ತೆಗೆದು ನೋಡಿದೆ. 'ಅವನತಿ' ಎಂಬ ಪದ ಮೂರು ಕಡೆ ಇದೆ, ನರ್ತಕಿಯ ಹೆಸರು ಒಂದು ಕಡೆಯೂ ಇಲ್ಲ.

ಕಾನೂನಿನ ಕಡತಕ್ಕೂ ಈ ಪದ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ 2005ರಲ್ಲಿ ಮಹಾರಾಷ್ಟ್ರ ಡ್ಯಾನ್ಸ್ ಬಾರುಗಳನ್ನು ನಿಷೇಧಿಸಿತು, ಆ ನಿಷೇಧವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಒಪ್ಪಲಿಲ್ಲ. ವಾದ ನಡೆದದ್ದು ಸ್ಥಳದ ಬಗ್ಗೆ, ಪರವಾನಗಿಯ ಬಗ್ಗೆ, ಸಭ್ಯತೆಯ ಬಗ್ಗೆ. ಒಂದು ಕಡೆ 'ಇದು ನಮ್ಮ ಸಂಸ್ಕೃತಿಯಲ್ಲ' ಎನ್ನುವವರು, ಇನ್ನೊಂದು ಕಡೆ 'ಆಹಾ, ರೆಟ್ರೋ' ಎನ್ನುವವರು. ಇಬ್ಬರೂ ಹಾವು ಮುಂಗುಸಿಯಂತೆ ಕಾದಾಡುತ್ತಾರೆ. ಕುಣಿಯುವವಳ ಹೆಸರು ಬೇಕಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಪ್ಯಾರಿಸ್ಸನ್ನೇ ನಕಲು ಮಾಡುವುದಾದರೆ ಪೂರ್ತಿ ಮಾಡಬೇಕಿತ್ತು. ಮೂಲಾಂ ರೂಜ್ ಶುರುವಾದದ್ದು 1889ರಲ್ಲಿ. ಎರಡು ವರ್ಷದ ನಂತರ ಅದಕ್ಕೆ ತುಲೂಸ್ ಲೋತ್ರೆಕ್ ಬರೆದ ಪೋಸ್ಟರ್ ಇವತ್ತಿಗೂ ಎಲ್ಲ ರೆಟ್ರೋ ಡಿಸೈನುಗಳ ಮುತ್ತಜ್ಜ. ಅದರಲ್ಲಿ ಸ್ಥಳದ ಹೆಸರಿನ ಜೊತೆಗೇ ನರ್ತಕಿಯ ಹೆಸರೂ ಇದೆ: ಲಾ ಗುಲೂ. ಅವಳ ನಿಜನಾಮ ಲೂಯಿಸ್ ವೆಬರ್. ಕೊನೆಗಾಲದಲ್ಲಿ ಬಡತನದಲ್ಲೇ ಬದುಕಿ 1929ರಲ್ಲಿ ಸತ್ತಳು. ಪೋಸ್ಟರಿನ ಹೆಸರು ಅವಳಿಗೆ ಅನ್ನ ಹಾಕಲಿಲ್ಲ, ನಿಜ. ಆದರೆ ಅವಳು ಇದ್ದಳು, ಕುಣಿದಳು ಎಂಬುದನ್ನು ಯಾರ ಮೇಜಿನ ಮುಂದೆಯೂ ಸಾಬೀತು ಮಾಡಬೇಕಾಗಿಲ್ಲ. ನಾವು ಆ ಪೋಸ್ಟರಿನಿಂದ ಬಣ್ಣ ತಂದೆವು, ಅಕ್ಷರದ ಬಳುಕು ತಂದೆವು, ಮೇಲೆತ್ತಿದ ಕಾಲನ್ನೂ ತಂದೆವು. ಹೆಸರನ್ನು ಅಲ್ಲೇ ಬಿಟ್ಟು ಬಂದೆವು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡೇ ಅಕ್ಷರ ಬರೆಯಲು ಕೂತೆ. ಬಲ್ಬಿನ ಅಕ್ಷರವೆಂದರೆ ತಗಡಿನ ಬಾನಿಯಂಥದ್ದು. ಅಕ್ಷರದ ಅಂಚಿಗೆ ಮೂರು ಇಂಚು ಎತ್ತರದ ಗೋಡೆ, ಒಳಗೆ ನಾಲ್ಕು ಇಂಚಿಗೊಂದು ಹೋಲ್ಡರ್. ಗೋಡೆ ಇಲ್ಲದಿದ್ದರೆ ಬೆಳಕು ಪಕ್ಕದ ಗೆರೆಗೆ ಸೋರಿ, ಕನ್ನಡದ ಸುರುಳಿಗಳೆಲ್ಲ ತುಂಬಿಕೊಂಡು, ದೂರದಿಂದ ಬರೀ ಉಂಡೆಗಳು ಕಾಣುತ್ತವೆ. ಎರಡಡಿ ಎತ್ತರದ 'ಕ್ಯಾಬರೆ'ಗೆ ನನ್ನ ಲೆಕ್ಕದಲ್ಲಿ 72 ಬಲ್ಬು ಬೇಕಾಯಿತು. ಹಳೆಯ 15 ವ್ಯಾಟಿನ ಬಲ್ಬಾದರೆ 1,080 ವ್ಯಾಟ್, ಒಂದು ವ್ಯಾಟಿನ ಹಳದಿ ಎಲ್‌ಇಡಿಯಾದರೆ 72. ಎಲ್‌ಇಡಿ ಹಾಕೋಣ ಎಂದೆವು. ಹಳೆಯದರ ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬ ಹಟ ನನಗಿಲ್ಲ.

ತೊಡಕು ಬಂದದ್ದು ಯ-ಒತ್ತಿನಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ಸೈನಿಕರಂತೆ ನಿಲ್ಲುತ್ತವೆ. 'ಕ್ಯಾ'ದ ಒತ್ತು ಗೆರೆಯಿಂದ ಕೆಳಗಿಳಿದು ಕೊಕ್ಕೆ ಹಾಕುತ್ತದೆ. ಗೆಳೆಯ ಅದನ್ನು ಕುಗ್ಗಿಸಿ ಮೇಲೆತ್ತಲು ನೋಡಿದ, ಓದಲಾಗಲಿಲ್ಲ. ಪೆಟ್ಟಿಗೆಯನ್ನೇ ಒಂಬತ್ತು ಇಂಚು ಎತ್ತರ ಮಾಡಬೇಕಾಯಿತು. ಮಾಡಿದಾಗ ಎಡಗಡೆ ಒತ್ತು ಕೂತಿತು, 'ಬರೆ'ಯ ಕೆಳಗೆ ಉದ್ದಕ್ಕೂ ಜಾಗ ಖಾಲಿ ಉಳಿಯಿತು. "ಇದಕ್ಕೇನು ಮಾಡೋದು?" ಎಂದ. ನಾನು ಆ ಪದವನ್ನೇ ನೋಡುತ್ತಿದ್ದೆ. ಬರೆ. ಬರೆ ಎಂದರೆ ಬರೆಯುವುದೂ ಹೌದು, ಕಾಸಿ ಹಾಕುವ ಬರೆಯೂ ಹೌದು. ಅವನು ಬೆಳಗಿಂದ ಹೇಳುತ್ತಿದ್ದ 'ಬ್ರ್ಯಾಂಡಿಂಗ್' ಎಂಬ ಪದವೂ ದನದ ಮೈಮೇಲೆ ಗುರುತಿಗಾಗಿ ಹಾಕುವ ಬರೆಯಿಂದಲೇ ಬಂದದ್ದು. "ಅಲ್ಲಿ ಕುಣಿಯೋರ ಹೆಸರು ಬರಿ" ಎಂದೆ.

ಹೋಟೆಲಿನವರು ಒಪ್ಪಲಿಲ್ಲ. ಅವರ ಕಾರಣಗಳು ಮೂರು. ಮುಂದಿನ ಸಲ ಬೇರೆಯವರು ಬಂದರೆ ಬೋರ್ಡು ದಂಡವಾಗುತ್ತದೆ ಎಂಬುದು ಮೊದಲನೆಯದು. ಕೆಳಗಿನ ಸಾಲಿಗೆ ಎರಡು ಪಟ್ಟಿ ಹೊಡೆದು ಹೆಸರಿನ ಫಲಕ ಜಾರಿಸಿ ಹಾಕುವಂತೆ ಮಾಡಿದರಾಯಿತು, ಫಲಕ ಬದಲಿಸಲು ಐದು ನಿಮಿಷ ಸಾಕು. ಏಜೆಂಟರ ಮೂಲಕ ಬರುವವರು, ಹೆಸರೇ ಗೊತ್ತಿಲ್ಲ ಎಂಬುದು ಎರಡನೆಯದು. ಹೆಸರು ಗೊತ್ತಿಲ್ಲದವರಿಗೆ ರಾತ್ರಿ ಕೂಲಿ ಹೇಗೆ ಕೊಡುತ್ತೀರಿ, ರೂಮು ಹೇಗೆ ಕೊಡುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮೂರನೆಯದು: "ಅವರಿಗೇ ಹೆಸರು ಹಾಕೋದು ಬೇಡ ಇರುತ್ತೆ ಮೇಡಂ. ಮನೆಯಲ್ಲಿ ಗೊತ್ತಿರಲ್ಲ."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಳೇನಗರಕ್ಕೆ ಹೋಗಿ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ತಾಯಿ. ನಾನೇ ಬ್ಯಾಡ ಅಂದಿದ್ದೆ" ಎಂದರು. ನಾನು ಕಟ್ಟಿಕೊಂಡಿದ್ದ ವಾದವೆಲ್ಲ ಅಲ್ಲೇ ಕುಸಿಯಿತು ಅನ್ನಿಸಿತು. "ತಮ್ಮನ ಮದುವಿ ಆಗ್ಬೇಕಿತ್ತು. ಅದಕ್ಕೆ ಮಾಲೀಕರ ಹತ್ರ ಹೋಗಿ, ಹೆಸರು ಹಾಕ್ಬ್ಯಾಡ್ರಿ ಅಂದೆ. ಅವ್ರು ನಕ್ಕುಬಿಟ್ರು. ಹಾಕೋನು ಯಾರವ್ವ ಅಂದ್ರು."

ಆ ನಗುವೇ ನನ್ನ ಉತ್ತರ. ಹೆಸರು ಬೇಡ ಎನ್ನುವುದು ಅವರ ಹಕ್ಕು. ಅವಮಾನ ಹೊರಬೇಕಾಗಿ ಬಂದವರಿಗೆ ಮರೆಯೂ ಒಂದು ರಕ್ಷಣೆ. ಬೆಳಕೆಲ್ಲ ಒಳ್ಳೆಯದು ಎಂದು ನಾನೂ ಹೇಳಲಾರೆ. ಆದರೆ ಬೇಡ ಎನ್ನಲು ಮೊದಲು ಯಾರಾದರೂ ಕೇಳಿರಬೇಕಲ್ಲ? ಅವರು ಬೇಡವೆಂದದ್ದು, ಯಾರೂ ಕೊಡಲು ಯೋಚಿಸಿಯೇ ಇರದ ವಸ್ತುವನ್ನು. ಕೇಳಿ, ಬೇಡವೆಂದ ಮೇಲೆ ಬಿಟ್ಟ ಖಾಲಿ ಜಾಗವೇ ಬೇರೆ. ಕೇಳದೆ ಬಿಟ್ಟ ಖಾಲಿ ಜಾಗವೇ ಬೇರೆ. ಬೋರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಸೌಂಡ್ ಚೆಕ್ಕಿಗೆ ಬಂದಿದ್ದ ನಾಲ್ವರನ್ನು ಮಾತಾಡಿಸಿದೆ. ಇಬ್ಬರು ಬೇಡ ಎಂದರು. ಒಬ್ಬಳು ಸ್ಟೇಜಿನ ಹೆಸರು ಹಾಕಿ ಎಂದಳು. ಇನ್ನೊಬ್ಬಳು ಪೂರ್ತಿ ಹೆಸರು ಹೇಳಿ, ನಾನು ತಪ್ಪು ಬರೆದಿದ್ದೇನಾ ಎಂದು ಬಗ್ಗಿ ನೋಡಿ, ಇನಿಶಿಯಲ್ಲನ್ನೂ ಸೇರಿಸಿದಳು. ಗೆಳೆಯ ತನ್ನ ಖರ್ಚಿನಲ್ಲೇ ಎರಡು ಫಲಕ ಕತ್ತರಿಸಿ ತಂದ. ಸಂಜೆ ಬೋರ್ಡು ಹತ್ತಿದಾಗ ಆ ಸಾಲಿನಲ್ಲಿ ಬೇರೊಂದು ಫಲಕವಿತ್ತು: 'ಉಚಿತ ಪಾರ್ಕಿಂಗ್ ಇದೆ.'

ಹಾಗಾಗಿ ನನ್ನ ಬೇಡಿಕೆಯನ್ನು ಇಲ್ಲಿಡುತ್ತೇನೆ. ರೆಟ್ರೋ ಬೋರ್ಡು ಮಾಡುವವರೇ, ಧಾರಾಳವಾಗಿ ಮಾಡಿ. ಕುಣಿತಕ್ಕೆ ನನ್ನ ತಕರಾರಿಲ್ಲ, ಬಲ್ಬಿಗೆ ಮೊದಲೇ ಇಲ್ಲ. ಆದರೆ ಕೆಳಗಿನ ಸಾಲನ್ನು ಕಾಯ್ದಿಡಿ, ಕುಣಿಯುವವರನ್ನು ಕೇಳಿ, ಅವರು ಹೇಳಿದ್ದನ್ನು ಬರೆಯಿರಿ, ಬರೆದದ್ದರ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ನಲವತ್ತು ವರ್ಷದ ನಂತರ ಯಾವುದೋ ಮೇಜಿನ ಮೇಲೆ ಇಡಲು ಬೇಕಾಗುತ್ತದೆ. ಇಷ್ಟೂ ಮಾಡದಿದ್ದರೆ ಅದನ್ನು ನೆನಪು ಎಂದು ಕರೆಯಬೇಡಿ. ಹಳೆಯ ಕಮಾನಿನಲ್ಲಿ ನಡೆದ ಕಳ್ಳತನವನ್ನೇ ಹೊಸ ಬಲ್ಬಿನಲ್ಲಿ ಮತ್ತೆ ನಡೆಸಿದಂತೆ ಆಗುತ್ತದೆ.

ಸಂಶೋಧಕರಿಗೂ ಅದೇ ಮಾತು. ನನ್ನ ಪ್ರಬಂಧದಲ್ಲಿ 'ಅವನತಿ' ಇದ್ದ ಮೂರೂ ಕಡೆ ತಿದ್ದಿದ್ದೇನೆ. ಹಳೇನಗರದ ಅಮ್ಮ ಹೇಳಿದ ಹೆಸರನ್ನು, ಅವರು ಹೇಳಿದ ಹಾಗೆಯೇ, ಅಧ್ಯಾಯದ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಇಲ್ಲಿ ಬರೆದಿಲ್ಲ. ಇಲ್ಲಿ ಬರೆಯಲಾ ಎಂದು ಅವರನ್ನು ಇನ್ನೂ ಕೇಳಿಲ್ಲ.