ನಡೆಗೂ ಒಂದು ನುಡಿಯುಂಟು

ನಮ್ಮ ಸಮಾಜದಲ್ಲಿ ಒಬ್ಬರಾದರೂ ಪರದೇಶದಲ್ಲಿ ನೆಲೆಸಿರುವ ಮನೆತನಗಳು ಇಂದು ಅನೇಕ. ಮಗನು ಅಮೆರಿಕೆಯಲ್ಲಿ, ಮಗಳು ಜರ್ಮನಿಯಲ್ಲಿ. ಕೆಲವು ಮನೆಗಳಿಗೆ ಆ ನಾಡುಗಳಿಂದಲೇ ಸೊಸೆಯಂದಿರೂ ಅಳಿಯಂದಿರೂ ಬಂದಿದ್ದಾರೆ. ಮಕ್ಕಳಲ್ಲಿಗೆ ಹೋಗಿ ಮರಳಿದ ಹಿರಿಯರು ಅಲ್ಲಿಯ ರಸ್ತೆಗಳನ್ನೂ ಶುಚಿತ್ವವನ್ನೂ ನಮ್ಮೆದುರು ಹೊಗಳಿ, ಕೊನೆಗೆ ‘ಆದರೆ ಆ ಜನರಲ್ಲಿ ಅಂತಃಕರಣವಿಲ್ಲ’ ಎಂದು ಮುಗಿಸುವುದುಂಟು. ಈ ಕೊನೆಯ ಮಾತನ್ನು ತುಸು ತಡೆದು ವಿಚಾರಿಸಬೇಕಾಗಿದೆ. ಒಂದು ಜನಾಂಗದ ಅಂತಃಕರಣವನ್ನು ಅಳೆಯುವ ಮೊದಲು ಅವರ ನಡೆಯ ಅರ್ಥ ನಮಗೆ ತಿಳಿದಿದೆಯೇ?

ಉಪಚಾರದ ಮಾತನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಅತಿಥಿಯು ‘ಬೇಡ, ಈಗಷ್ಟೇ ಊಟವಾಯಿತು’ ಎನ್ನುತ್ತಾನೆ. ಮನೆಯಾಕೆ ಅದನ್ನು ಕಿವಿಗೆ ಹಾಕಿಕೊಳ್ಳದೆ ತಾಟು ಇಟ್ಟು ರೊಟ್ಟಿ ಬಡಿಸಿಯೇ ಬಿಡುತ್ತಾಳೆ. ಮೊದಲ ‘ಬೇಡ’ ಸಂಕೋಚದ್ದೆಂಬುದು ಇಬ್ಬರಿಗೂ ಗೊತ್ತು. ಜರ್ಮನಿಯಲ್ಲಾಗಲಿ ಅಮೆರಿಕೆಯಲ್ಲಾಗಲಿ ಸಾಮಾನ್ಯವಾಗಿ ಬೇಡವೆಂದರೆ ಬೇಡವೆಂದೇ ಅರ್ಥ. ಮತ್ತೆ ಮತ್ತೆ ಒತ್ತಾಯಿಸಿದರೆ ಅತಿಥಿಯ ಇಚ್ಛೆಯನ್ನು ಮೀರಿದಂತಾಗುತ್ತದೆಂದು ಅವರು ಸುಮ್ಮನಾಗುತ್ತಾರೆ. ಸಂಕೋಚದಿಂದ ಒಮ್ಮೆ ಬೇಡವೆಂದ ನಮ್ಮ ತಾಯಿ ಹಸಿದೇ ಮರಳುತ್ತಾಳೆ. ಇಲ್ಲಿ ತಪ್ಪಿದವರು ಯಾರು? ಇಬ್ಬರೂ ಗೌರವವನ್ನೇ ತೋರಿದರು. ಗೌರವದ ವ್ಯಾಕರಣ ಮಾತ್ರ ಬೇರೆಯಾಗಿತ್ತು.

ಕೃತಜ್ಞತೆಯ ಸಂಗತಿಯೂ ಹೀಗೆಯೇ. ಕನ್ನಡದಲ್ಲಿ ‘ಧನ್ಯವಾದ’ ಎಂಬುದು ಸಭೆಗೆ ಸಲ್ಲುವ ಮಾತು, ಅಡುಗೆಮನೆಗೆ ಒಗ್ಗದು. ಅನ್ನ ಬಡಿಸಿದ ತಾಯಿಗೆ ಮಗನು ಧನ್ಯವಾದ ಹೇಳಿದರೆ ‘ನಾನೇನು ಹೊರಗಿನವಳೇ?’ ಎಂದು ಆಕೆ ನೊಂದುಕೊಂಡಾಳು. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಒಂದು ಲೋಟ ನೀರು ಕೊಟ್ಟುದಕ್ಕೂ ಗಂಡಹೆಂಡಿರು ‘ಥ್ಯಾಂಕ್ಸ್’ ಎನ್ನುತ್ತಾರೆ. ಅಲ್ಲಿ ಬೆಳೆದ ಸೊಸೆಗೆ ಅತ್ತೆಯ ಬಾಯಿಂದ ಆ ಮಾತು ಎಂದೂ ಬಾರದಿದ್ದರೆ ತನ್ನ ದುಡಿಮೆಗೆ ಬೆಲೆಯಿಲ್ಲವೆಂದು ತೋರುತ್ತದೆ. ಅತ್ತೆಯಾದರೋ ಆಕೆಯನ್ನು ಸ್ವಂತ ಮಗಳೆಂದು ಬಗೆದುದರಿಂದಲೇ ಮೌನವಾಗಿರುತ್ತಾಳೆ. ಇಂಥ ಸಣ್ಣ ಮೌನಗಳು ಕೂಡಿ ಮನೆಯನ್ನೇ ಒಡೆಯಬಲ್ಲವು.

ಪರರ ನಡೆ ನಮಗೆ ವಿಚಿತ್ರವಾಗಿ ಕಂಡಾಗ ನಮ್ಮ ನಡೆಯನ್ನೂ ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡಬೇಕು. ಎಡಗೈಯಿಂದ ಏನನ್ನೂ ಕೊಡಬೇಡವೆಂದು ನಾವು ಮಕ್ಕಳನ್ನು ಗದರುತ್ತೇವೆ. ಅದೇ ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿರಿಸಿ ಪೂಜಿಸುತ್ತೇವೆ. ಹೊಸದಾಗಿ ಬಂದ ಸೊಸೆ ‘ಇದು ಹೇಗೆ?’ ಎಂದು ಕೇಳಿದರೆ ಸಿಟ್ಟಾಗಲಾಗದು. ಎಡ ಅಂಗೈ ಲಿಂಗಕ್ಕೆ ಪೀಠ, ಬಲಗೈ ಪೂಜೆ ಸಲ್ಲಿಸುವ ಕೈ ಎಂದು ಕುಳ್ಳಿರಿಸಿ ತಿಳಿಸಬೇಕು. ಹಾಗೆಯೇ ಜಪಾನಿನಲ್ಲಿ ಅನ್ನದ ಬಟ್ಟಲಿನೊಳಗೆ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಲಾಗದು. ಮೃತರಿಗೆ ಅರ್ಪಿಸುವ ಅನ್ನದಲ್ಲಿ ಹಾಗೆ ನಿಲ್ಲಿಸುವುದು ಅವರ ವಾಡಿಕೆ. ಕಾರಣ ತಿಳಿದ ಮೇಲೆ ಆ ನಿಷೇಧ ನಮಗೂ ಸಹಜವೆನಿಸುತ್ತದೆ.

ಪರರನ್ನು ಅರಿಯುವ ಶ್ರಮ ಎಂಥದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಇಲ್ಲಿಗೆ ಬಂದರು. ಕ್ರೈಸ್ತ ಮತವನ್ನು ಸಾರುವುದು ಬಂದ ಉದ್ದೇಶ. ಆದರೆ ಹೇಳಲು ಬಂದವರು ಕೇಳಲು ಕುಳಿತರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಶಬ್ದದ ಅರ್ಥವನ್ನು ತಿಳಿಸಲು ಅವರು ಜನರ ಗಾದೆಗಳನ್ನು ಹೇರಳವಾಗಿ ಕೊಟ್ಟಿದ್ದಾರೆ. ಶಬ್ದದ ಹಿಂದೆ ಅದನ್ನಾಡುವ ಜನರ ಬದುಕಿದೆಯೆಂಬುದನ್ನು ಅವರು ಕಂಡುಕೊಂಡಿದ್ದರು. ಅವರ ಮತವನ್ನು ಒಪ್ಪದವರೂ ಆ ನಿಘಂಟನ್ನು ಇಂದಿಗೂ ಆದರದಿಂದ ತೆರೆಯುತ್ತಾರೆ.

ಅರಿಯುವುದೆಂದರೆ ಎಲ್ಲವನ್ನೂ ಒಪ್ಪುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಸಸ್ಯಾಹಾರದ ನೇಮವುಳ್ಳವರು ಪರನಾಡಿನ ಪಂಕ್ತಿಯಲ್ಲಿಯೂ ಆ ನೇಮವನ್ನು ಉಳಿಸಿಕೊಳ್ಳಬಹುದು. ಆಹ್ವಾನ ಬಂದ ದಿನವೇ ಅದನ್ನು ನಯವಾಗಿ ತಿಳಿಸಬೇಕು. ತಾಟಿನ ಮುಂದೆ ಕುಳಿತು ಮುಖ ಸಿಂಡರಿಸಲಾಗದು. ಅಂತೆಯೇ ವರದಕ್ಷಿಣೆಯಂಥ ಅನ್ಯಾಯವನ್ನು ಹೊರಗಿನವರು ಪ್ರಶ್ನಿಸಿದಾಗ ‘ಇದು ನಮ್ಮ ಸಂಪ್ರದಾಯ’ ಎಂಬ ಮರೆಯಲ್ಲಿ ನಿಲ್ಲುವುದೂ ಸಲ್ಲದು. ಪದ್ಧತಿಯ ಭೇದ ಬೇರೆ, ನ್ಯಾಯ ಅನ್ಯಾಯಗಳ ಭೇದ ಬೇರೆ.

ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೇ: ಸೊಸೆಯ ಒಂದು ನಡೆಯಿಂದ ಮನಸ್ಸು ನೊಂದರೆ, ನೆರೆಯವರಿಗೆ ಹೇಳುವ ಮೊದಲು ‘ನಿಮ್ಮ ತವರಿನಲ್ಲಿ ಇದನ್ನು ಹೇಗೆ ಮಾಡುತ್ತಾರವ್ವಾ?’ ಎಂದು ಆಕೆಯನ್ನೇ ಕೇಳಿರಿ. ಪರದೇಶದಲ್ಲಿರುವ ಮಕ್ಕಳು ನುಡಿಯನ್ನಷ್ಟೇ ಕನ್ನಡಕ್ಕೆ ತಿರುಗಿಸಿ ಹೇಳಿದರೆ ಸಾಲದು. ಎರಡೂ ನಾಡಿನ ಅನ್ನ ಉಂಡವರು ನಡೆಯನ್ನೂ ತಿಳಿಸಿ ಹೇಳಬೇಕು. ತಾಯಿಯನ್ನು ಅಲ್ಲಿಯ ಗೆಳೆಯರ ಮನೆಗೆ ಕರೆದೊಯ್ಯುವ ಮುನ್ನ, ‘ಅವ್ವಾ, ಹಸಿವಾದರೆ ಮೊದಲ ಸಲವೇ ಬೇಕೆನ್ನು’ ಎಂದು ಮಗನು ಹೇಳಲಿ. ಆ ಗೆಳೆಯರಿಗೂ ‘ನಮ್ಮವ್ವನನ್ನು ಎರಡನೆಯ ಸಲ ಕೇಳಿರಿ’ ಎಂದು ತಿಳಿಸಲಿ.