ಪಾಠದ ದೋಷವೋ ಯಂತ್ರದ ದೋಷವೋ: ಹಳೆಯ ಗಣಕಗಳಲ್ಲಿ ಉಳಿದ ಮಲೆನಾಡಿನ ಬರವಣಿಗೆ

ಕನ್ನಡ ಗ್ರಂಥಸಂಪಾದನ ಶಾಸ್ತ್ರದ ಚರ್ಚೆ ಇಂದಿಗೂ ಬಹುಮಟ್ಟಿಗೆ ತಾಳೆಗರಿ, ಕಾಗದದ ಹಸ್ತಪ್ರತಿ ಮತ್ತು ಅಚ್ಚಿನ ಪ್ರತಿಗಳ ಆವರಣದಲ್ಲೇ ನಡೆಯುತ್ತಿದೆ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಲಿಪಿಕಾರನ ಕೈತಪ್ಪು, ಪಾಠಾಂತರ, ಪ್ರಕ್ಷೇಪಗಳನ್ನು ಗುರುತಿಸುವ ಖಚಿತವಾದ ವಿಧಾನಗಳನ್ನು ಕಟ್ಟಿಕೊಟ್ಟಿದ್ದಾರೆ. ಆದರೆ 1990ರ ದಶಕದ ಉತ್ತರಾರ್ಧದಿಂದ ಈಚೆಗೆ ಅಚ್ಚಾದ ಬಹಳಷ್ಟು ಕನ್ನಡ ಕೃತಿಗಳ ಮೂಲಪ್ರತಿ ಇರುವುದು ಗಣಕದ ಕಡತದಲ್ಲಿ. ಆ ಕಡತವನ್ನು ಓದುವ ಯಂತ್ರ ಕೆಟ್ಟಾಗ, ಅಥವಾ ಯಾರೋ ಅದನ್ನು ‘ಸರಿಪಡಿಸಿ’ದಾಗ ಪಾಠಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಕನ್ನಡ ವಿಭಾಗಗಳ ಗಮನಕ್ಕೆ ಬಂದಂತಿಲ್ಲ. ಅದು ತಂತ್ರಜ್ಞರ ವಿಷಯವೆಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಇಲ್ಲಿ ಎದುರಿಗಿಟ್ಟುಕೊಳ್ಳಬಹುದು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಹೆಗ್ಗೋಡಿನಲ್ಲಿ ನೀನಾಸಮ್ ಮತ್ತು ಅಕ್ಷರ ಪ್ರಕಾಶನಗಳಿವೆ. ಕುಪ್ಪಳಿ, ಮೇಳಿಗೆಗಳ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಸ್ಥಿರವಾಗಿದೆ. ಇವು ಯಾವುವೂ ಅಪಾಯದಲ್ಲಿಲ್ಲ. ಅಪಾಯದಲ್ಲಿರುವುದು ಪೇಟೆಬೀದಿಯ ಡಿಟಿಪಿ ಕೇಂದ್ರಗಳಲ್ಲಿ ಜೋಡಣೆಯಾದ ಎರಡನೆಯ ಸಾಲಿನ ಬರವಣಿಗೆ: ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಿಕೆ, ಮನೆತನದ ಚರಿತ್ರೆ, ಸಹಕಾರ ಸಂಘದ ವಾರ್ಷಿಕ ವರದಿ, ಸ್ವಂತ ಖರ್ಚಿನಲ್ಲಿ ಕೆಲವೇ ಪ್ರತಿ ಅಚ್ಚುಹಾಕಿಸಿದ ಕವನ ಸಂಕಲನ. ಸ್ಥಳೀಯ ಚರಿತ್ರೆ ಬರೆಯುವವರಿಗೆ, ಉಪಭಾಷೆಯನ್ನು ಅಭ್ಯಸಿಸುವವರಿಗೆ ನಾಳೆ ಬೇಕಾಗುವ ಸಾಮಗ್ರಿ ಇದೇ. ಅಚ್ಚಾದ ಪ್ರತಿಗಳು ಗೆದ್ದಲಿಗೋ ಸೋರುವ ಮಾಡಿಗೋ ಹೋದಮೇಲೆ ಉಳಿಯುವುದು ಅಂಗಡಿಯ ಹಳೆಯ ಗಣಕದ ಕಡತ ಮಾತ್ರ.

ಇಂಥ ಗಣಕಗಳು ವಿಂಡೋಸ್ 98 ಅಥವಾ ಎಕ್ಸ್‌ಪಿಯಲ್ಲೇ ನಿಂತುಬಿಡುವುದಕ್ಕೆ ಜಿಪುಣತನವಷ್ಟೇ ಕಾರಣವಲ್ಲ. ಕನ್ನಡದ ಪುಟವಿನ್ಯಾಸ ದೀರ್ಘಕಾಲ ನಡೆದದ್ದು ಪೇಜ್‌ಮೇಕರಿನಲ್ಲಿ. 2001ರಲ್ಲಿ ಬಂದ ಅದರ 7ನೆಯ ಆವೃತ್ತಿಯೇ ಕೊನೆಯದು. ಅದಕ್ಕೆ ಯೂನಿಕೋಡ್ ತಿಳಿಯದು. ಕೆಲವು ಲಿಪಿ ತಂತ್ರಾಂಶಗಳಿಗೆ ಗಣಕದ ಹಿಂಬದಿಗೆ ಸಿಕ್ಕಿಸುವ ಬೀಗವಿತ್ತು, ಅದನ್ನು ಗುರುತಿಸುವ ಚಾಲಕ ತಂತ್ರಾಂಶ ಹೊಸ ವ್ಯವಸ್ಥೆಗಳಲ್ಲಿ ಕೆಲಸ ಮಾಡದು. ಆದ್ದರಿಂದ 2006ರ ಜುಲೈಯಲ್ಲಿ ವಿಂಡೋಸ್ 98ಕ್ಕೂ 2014ರ ಏಪ್ರಿಲಿನಲ್ಲಿ ಎಕ್ಸ್‌ಪಿಗೂ ತಯಾರಕರ ಬೆಂಬಲ ನಿಂತರೂ, ಹಳೆಯ ಕಡತಗಳನ್ನು ತೆರೆಯಬೇಕಾದವರಿಗೆ ಅವನ್ನು ಬಿಡುವ ದಾರಿಯಿರಲಿಲ್ಲ.

ಆ ಕಡತಗಳಲ್ಲಿ ಕನ್ನಡ ಯಾವ ರೂಪದಲ್ಲಿದೆ ಎಂಬುದನ್ನು ತುಸು ವಿವರವಾಗಿ ನೋಡಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಾಗಲಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ದ ನಂತರದ ಆವೃತ್ತಿಗಳಲ್ಲಾಗಲಿ ಸಾಂಪ್ರದಾಯಿಕ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುತ್ತವೆ. ‘ಕನ್ನಡ’ ಎಂಬ ಪದ ಕಡತದಲ್ಲಿ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ ಹೀಗೆ ಸಾಗುತ್ತದೆ. ಅಕ್ಷರಗಳು ತುಂಡುಗಳಾಗಿ ಒಡೆದಿರುವುದರಿಂದ ಕನ್ನಡದ ವರ್ಣವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ‘ಮ’ ಎಂಬುದು ಇಲ್ಲಿ ಸ್ವತಂತ್ರ ಅಕ್ಷರವೇ ಅಲ್ಲ. ‘ವ’ದ ತುಂಡುಗಳಿಗೆ ಕೊಂಬನ್ನು ಸೇರಿಸಿದರೆ ‘ಮ’. ಆ ಒಂದು ತುಂಡು ಜಾರಿದರೆ ‘ಮರ’ ‘ವರ’ವಾಗುತ್ತದೆ, ‘ಮನ’ ‘ವನ’ವಾಗುತ್ತದೆ, ಎರಡೂ ಅರ್ಥವುಳ್ಳ ಪದಗಳೇ. ಓಲೆಯ ಲಿಪಿಕಾರ ‘ಮ’ ‘ವ’ಗಳನ್ನು ಅದಲುಬದಲು ಮಾಡಿದ ಉದಾಹರಣೆಗಳನ್ನು ಹುಡುಕಿದ ಶಾಸ್ತ್ರಕ್ಕೆ ಇದು ಹೊಸ ಸಮಸ್ಯೆಯೇನಲ್ಲ.

ಯೂನಿಕೋಡ್ ಬಂದಮೇಲೆ ಕತೆ ಬೇರೆಯಾಯಿತು. ವಿಂಡೋಸ್ 2000ದಲ್ಲಿ ಹಿಂದಿ, ತಮಿಳುಗಳಿಗೆ ಸ್ಥಾನ ದೊರೆತಿತ್ತು. ಕನ್ನಡಕ್ಕೆ ದೊರೆತದ್ದು 2001ರ ಎಕ್ಸ್‌ಪಿಯಲ್ಲಿ. ಅದರೊಡನೆ ಬಂದ ಕನ್ನಡ ಲಿಪಿಯ ಹೆಸರು ‘ತುಂಗಾ’. ತೀರ್ಥಹಳ್ಳಿಯ ನದಿಯ ಹೆಸರು ಜಗತ್ತಿನ ಎಕ್ಸ್‌ಪಿ ಗಣಕಗಳಿಗೆಲ್ಲ ಹಂಚಿಹೋಯಿತಾದರೂ ಆ ಲಿಪಿ ತೀರ್ಥಹಳ್ಳಿಯಲ್ಲೇ ಸರಿಯಾಗಿ ಮೂಡಲು ಇನ್ನಷ್ಟು ಕಾಲ ಬೇಕಾಯಿತು ಎಂಬುದು ಬೇರೆ ಮಾತು. ಯೂನಿಕೋಡಿನಲ್ಲಿ ಕಡತದೊಳಗಿರುವುದು ಬರಿಯ ವರ್ಣಗಳ ಸರಣಿ. ಒತ್ತಕ್ಷರ, ಕೊಂಬು, ಅರ್ಕಾವತ್ತುಗಳನ್ನು ಕೂಡಿಸಿ ತೋರಿಸುವುದು ‘ಯುನಿಸ್ಕ್ರೈಬ್’ ಎಂಬ ಮಧ್ಯವರ್ತಿ ತಂತ್ರಾಂಶ. ಅದು ನೆಲೆಸಿರುವುದು ಯುಎಸ್‌ಪಿ10 ಎಂಬ ಒಂದೇ ಡಿಎಲ್‌ಎಲ್ ಕಡತದಲ್ಲಿ. ಅದರ ಮೊದಲ ಆವೃತ್ತಿಗಳು ಕನ್ನಡವನ್ನು ತಪ್ಪಾಗಿ ಕೂಡಿಸುತ್ತಿದ್ದವು. ಆಫೀಸ್ 2003ರ ಜೊತೆಗೆ ಬಂದ ಪರಿಷ್ಕೃತ ಆವೃತ್ತಿ ಆಫೀಸಿನ ಕಾರ್ಯಕ್ರಮಗಳಿಗಷ್ಟೇ ಸೇವೆ ಸಲ್ಲಿಸುತ್ತಿತ್ತು. ಹೀಗಾಗಿ ಒಂದೇ ವಾಕ್ಯ ವರ್ಡ್‌ನಲ್ಲಿ ಸರಿಯಾಗಿಯೂ ನೋಟ್‌ಪ್ಯಾಡಿನಲ್ಲಿ ತಪ್ಪಾಗಿಯೂ ಕಾಣುವ ವಿಚಿತ್ರ ಸ್ಥಿತಿಯುಂಟಾಯಿತು.

ಭಾರತೀಯ ಭಾಷೆಗಳ ಬಳಕೆದಾರರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಆಫೀಸಿನ ಕಡತವನ್ನು ನಕಲಿಸಿ ವ್ಯವಸ್ಥೆಯ ಮೂಲ ಕಡತದ ಜಾಗದಲ್ಲಿ ಇಡುವುದು. ಎಕ್ಸ್‌ಪಿ ಇದನ್ನು ಒಪ್ಪುತ್ತಿರಲಿಲ್ಲ. ತನ್ನ ರಕ್ಷಿತ ಸಂಗ್ರಹದಿಂದ ಹಳೆಯ ಕಡತವನ್ನು ಸದ್ದಿಲ್ಲದೆ ಮರಳಿ ತಂದಿಡುತ್ತಿತ್ತು. ಸೇಫ್ ಮೋಡಿನಲ್ಲಿ ಗಣಕವನ್ನು ತೆರೆದು, ರಕ್ಷಿತ ಸಂಗ್ರಹದಲ್ಲಿಯೂ ಕಡತವನ್ನು ಬದಲಿಸಿ ಅದನ್ನು ಮಣಿಸಲಾಗುತ್ತಿತ್ತು. ವಿಂಡೋಸ್ 98ಕ್ಕೆ ಹವ್ಯಾಸಿಗಳು ಕಟ್ಟಿದ ‘ಅನಧಿಕೃತ ಸರ್ವಿಸ್ ಪ್ಯಾಕ್’ ಬಂತು. ಹೊಸ ಕಾರ್ಯಕ್ರಮಗಳನ್ನು ಅದರ ಮೇಲೆ ನಡೆಸಲು ‘ಕರ್ನಲ್‌ಎಕ್ಸ್’ ಬಂತು. 2014ರ ನಂತರ ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಒಂದು ಸಣ್ಣ ನಮೂದು ಸೇರಿಸಿ, ಅಂಗಡಿಗಳ ಬಿಲ್ಲಿಂಗ್ ಯಂತ್ರಗಳಿಗೆಂದು ಹೊರಡುತ್ತಿದ್ದ ಪರಿಷ್ಕರಣೆಗಳನ್ನು ಸಾಮಾನ್ಯ ಗಣಕಕ್ಕೆ ಪಡೆಯುವ ಯುಕ್ತಿ 2019ರ ಏಪ್ರಿಲ್‌ವರೆಗೂ ನಡೆಯಿತು. ಅವು ಸಾಮಾನ್ಯ ಎಕ್ಸ್‌ಪಿಯಲ್ಲಿ ಪರೀಕ್ಷೆಗೊಳಗಾಗಿಲ್ಲ ಎಂದು ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ಇವೆಲ್ಲವನ್ನೂ ಕಳ್ಳದಾರಿಗಳೆಂದು ಹಗುರವಾಗಿ ಕಾಣುವುದು ಸರಿಯಲ್ಲ. ಕನ್ನಡವನ್ನು ಸರಿಯಾಗಿ ತೋರಿಸುವ ಹೊಣೆಯನ್ನು ತಯಾರಕರು ತಡವಾಗಿ ಹೊತ್ತುಕೊಂಡ ಕಾಲದಲ್ಲಿ ಬಳಕೆದಾರರೇ ಅದನ್ನು ಹೊತ್ತರು.

ಆದರೆ ತೇಪೆಯ ಬೆಲೆಯನ್ನೂ ಲೆಕ್ಕಹಾಕಬೇಕು. ಕೈಯಿಂದ ಬದಲಿಸಿದ ಕಡತವನ್ನು ಮುಂದಿನ ಯಾವುದೋ ಭದ್ರತಾ ಪರಿಷ್ಕರಣೆ ಅಳಿಸಿ ತನ್ನದನ್ನು ಇಡಬಹುದು. ಹಳೆಯ ಕಾರ್ಯಕ್ರಮ ನಂಬಿಕೊಂಡಿದ್ದ ಡಿಎಲ್‌ಎಲ್ ಹೊಸದಾದಾಗ ಅದು ತೆರೆಯದೆಯೇ ಹೋಗಬಹುದು. ಎರಡು ಕೀಲಿಮಣೆ ತಂತ್ರಾಂಶಗಳು ಒಟ್ಟಿಗೆ ಜಾಗೃತವಾಗಿದ್ದರೆ ಒಂದೇ ಒತ್ತಿಗೆ ಎರಡು ಅಕ್ಷರ ಮೂಡಬಹುದು. ಈ ಕೊನೆಯದು ಹೆದರಿಸುವಷ್ಟು ಗಂಭೀರವಲ್ಲ, ಒಂದನ್ನು ಮುಚ್ಚಿದರೆ ಮುಗಿಯಿತು.

ನಿಜವಾದ ಹಾನಿ ಸಂಘರ್ಷದಿಂದ ಆಗುವುದಕ್ಕಿಂತ ಹೆಚ್ಚಾಗಿ ಸಂಘರ್ಷವನ್ನು ಪಠ್ಯದಲ್ಲಿ ಪರಿಹರಿಸಹೊರಟಾಗ ಆಗುತ್ತದೆ ಎಂಬುದು ಇಲ್ಲಿನ ಮುಖ್ಯ ವಾದ. ‘ರ‍್ಯಾಂಕ್’ ಎಂಬ ಪದವನ್ನು ತೆಗೆದುಕೊಳ್ಳಬಹುದು. ‘ಕಾರ್ಯ’ದಲ್ಲಿ ಬರುವ ಅರ್ಕಾವತ್ತು ಇಲ್ಲಿ ಬೇಡ, ಅದನ್ನು ತಡೆಯಲು ರಕಾರದ ನಂತರ, ಹಲಂತ ಚಿಹ್ನೆಗೆ ಮೊದಲು, ಕಣ್ಣಿಗೆ ಕಾಣದ ಒಂದು ಕೂಡಿಕೆಯ ಸಂಕೇತವನ್ನು ಇಡಬೇಕೆಂದು ಯೂನಿಕೋಡ್ ಶಿಷ್ಟತೆ ಹೇಳುತ್ತದೆ. ಈ ಕ್ರಮವನ್ನು ಅರಿಯದ ಆವೃತ್ತಿ ಗಣಕದಲ್ಲಿ ಕುಳಿತಿದ್ದರೆ ಸರಿಯಾದ ಪಠ್ಯವೂ ತಪ್ಪಾಗಿ ಕಾಣುತ್ತದೆ. ಜೋಡಣೆಗಾರ ಆಗ ಮಾಡುವುದೇನು? ತೆರೆಯ ಮೇಲೆ ಸರಿ ಕಾಣುವವರೆಗೂ ಅಳಿಸುತ್ತಾನೆ, ಸಂಕೇತವನ್ನು ಹಿಂದುಮುಂದು ಮಾಡುತ್ತಾನೆ. ಆ ಗಣಕದಲ್ಲಿ, ಆ ದಿನ, ಅದು ಸರಿಯಾಗುತ್ತದೆ. ಬೇರೆಡೆ ಕೆಡುತ್ತದೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಬೇರೆ ಜಾಗಕ್ಕೆ ಹೋಗುತ್ತದೆ. ಓದುವ ಕಣ್ಣಿನ ದೋಷಕ್ಕೆ ಗ್ರಂಥವನ್ನೇ ತಿದ್ದಿದಂತಾಯಿತು. ಹಸ್ತಪ್ರತಿಯಲ್ಲಿ ತಿದ್ದಿದ ಗುರುತಾದರೂ ಉಳಿಯುತ್ತದೆ, ಶಾಯಿ ಬೇರೆಯಿರುತ್ತದೆ. ಉಳಿಸಿ ಮುಚ್ಚಿದ ಕಡತದಲ್ಲಿ ಹಿಂದಿನ ಪಾಠದ ನೆರಳೂ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ವ್ಯವಸ್ಥೆಯನ್ನು ಮರುಸ್ಥಾಪಿಸಿ ವರ್ಡನ್ನು ಹೊಸದಾಗಿ ಹಾಕಿದಾಗ ಅದರ ‘ತಾನೇ ತಿದ್ದುವ’ ಸೌಲಭ್ಯ ಮತ್ತೆ ಜಾಗೃತವಾಗುತ್ತದೆ. ಅದು ವಾಕ್ಯದ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಮಾಡುವ ಇಂಗ್ಲಿಷಿನ ಶಿಷ್ಟಾಚಾರ. ನುಡಿ ಲಿಪಿಯಲ್ಲಿ ‘ತ’ದ ದೇಹ ಇರುವುದು ಸಣ್ಣ ವಿ ಅಕ್ಷರದ ಸ್ಥಾನದಲ್ಲಿ, ದೊಡ್ಡ ವಿ ಸ್ಥಾನದಲ್ಲಿರುವುದು ‘ಗಿ’. ತಕಾರದಿಂದ ತೊಡಗುವ ವಾಕ್ಯಗಳೆಲ್ಲ ಗಿಕಾರದಿಂದ ತೊಡಗುವ ದುರವಸ್ಥೆ ಹೀಗೆ ಒದಗುತ್ತದೆ. ಇಲ್ಲಿ ಕೆಟ್ಟಿರುವುದು ನೋಟವಲ್ಲ, ಪಠ್ಯವೇ. ಯಾವ ಡಿಎಲ್‌ಎಲ್ ಬದಲಿಸಿದರೂ ಅದು ಮರಳದು.

ಹಾಗಾದರೆ ಈ ಎರಡನ್ನು ಬೇರ್ಪಡಿಸುವ ಬಗೆ ಹೇಗೆ? ಮೊದಲ ಸಾಕ್ಷಿ ಅಚ್ಚಾದ ಪುಟ. ಅದರ ಜೊತೆಗೆ ಕಡತದ ಒಂದು ನಕಲನ್ನು, ಮೂಲವನ್ನಲ್ಲ, ಅದೇ ಲಿಪಿಯಿರುವ ಇನ್ನೊಂದು ಗಣಕದಲ್ಲಿ ತೆರೆದು ನೋಡಬೇಕು. ಅಲ್ಲಿ ಸರಿಯಿದ್ದರೆ ದೋಷ ಯಂತ್ರದ್ದು. ಅದೇ ಗಣಕದಲ್ಲಿ ವರ್ಡ್ ಒಂದು ರೀತಿ, ನೋಟ್‌ಪ್ಯಾಡ್ ಇನ್ನೊಂದು ರೀತಿ ತೋರಿಸಿದರೆ ಯುಎಸ್‌ಪಿ10 ಎರಡು ಆವೃತ್ತಿಗಳಲ್ಲಿದೆ ಎಂದೇ ಬಗೆಯಬಹುದು. ಕಡತದ ಗುಣಲಕ್ಷಣಗಳ ಪುಟದಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ. ಯಾವ ತಂತ್ರಾಂಶ ಜಗಳ ತೆಗೆದಿದೆ ಎಂದು ತಿಳಿಯದಿದ್ದರೆ ವಿಂಡೋಸ್ 98ರಲ್ಲಿಯೇ ಇರುವ ‘ಎಂಎಸ್‌ಕಾನ್ಫಿಗ್’ ಬಳಸಿ, ಗಣಕದೊಡನೆ ಏಳುವ ಕಾರ್ಯಕ್ರಮಗಳಲ್ಲಿ ಅರ್ಧವನ್ನು ನಿಲ್ಲಿಸಿ ನೋಡಬೇಕು, ಉಳಿದರ್ಧದಲ್ಲಿ ಮತ್ತೆ ಅರ್ಧ. ವಿಂಡೋಸ್ 98ರಲ್ಲಿ ಇನ್ನೊಂದು ಅಚ್ಚರಿಯ ಉಪಕರಣವಿದೆ, ‘ವರ್ಷನ್ ಕಾನ್‌ಫ್ಲಿಕ್ಟ್ ಮ್ಯಾನೇಜರ್’. ಸ್ಥಾಪನೆಯ ಹೊತ್ತಿನಲ್ಲಿ ತಾನು ಪಕ್ಕಕ್ಕೆ ಸರಿಸಿದ ಕಡತಗಳನ್ನು ಅದು ಆವೃತ್ತಿ, ದಿನಾಂಕಗಳೊಡನೆ ಪಟ್ಟಿಮಾಡಿ ಕಾಪಿಡುತ್ತದೆ. ಸಂಪಾದಕ ತಾನು ಒಪ್ಪದ ಪಾಠಾಂತರವನ್ನು ಅಡಿಯಲ್ಲಿ ಕೊಡುವ ಕ್ರಮಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು. ಅನಧಿಕೃತ ತೇಪೆಗಳಲ್ಲಿ ಹೆಚ್ಚಿನವಕ್ಕೆ ಈ ಸೌಜನ್ಯವಿಲ್ಲ.

ಎಲ್ಲವನ್ನೂ ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯೂನಿಕೋಡಿಗೆ ತಂದು ಹಳೆಯ ಯಂತ್ರವನ್ನು ಗುಜರಿಗೆ ಕೊಡಬಾರದೇಕೆ ಎಂಬ ಆಕ್ಷೇಪ ಸಹಜ. 2012ರಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡನ್ನು ಒಪ್ಪಿಕೊಂಡಿದೆ, ಪರಿವರ್ತನೆ ಆಗಲೇಬೇಕು. ಆದರೆ ಪರಿವರ್ತಕ ಓದುವುದು ಕಡತದಲ್ಲಿರುವ ತುಂಡುಗಳನ್ನು ಮಾತ್ರ. ‘ಮರ’ವು ‘ವರ’ವಾಗಿದ್ದರೆ ಅದು ‘ವರ’ವನ್ನೇ ಶುದ್ಧ ಯೂನಿಕೋಡಿನಲ್ಲಿ ಶಾಶ್ವತಗೊಳಿಸುತ್ತದೆ. ಹೋಲಿಸಿ ನೋಡಲು ಮೂಲ ಪರಿಸರ ಬೇಕು. ಹಳೆಯ ಗಣಕವನ್ನು ಅಂತರ್ಜಾಲಕ್ಕೆ ಜೋಡಿಸುವುದು ಅಪಾಯವೆಂಬ ಮಾತೂ ನಿಜವೇ; ಜೋಡಿಸದಿದ್ದರಾಯಿತು. ಜೋಡಿಸದ ಗಣಕಕ್ಕೆ ಭದ್ರತೆಯ ಹೆಸರಿನ ತೇಪೆಗಳ ಅಗತ್ಯವೂ ಬಹಳಷ್ಟು ಕಡಿಮೆಯಾಗುತ್ತದೆ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಯಾವ ತೇಪೆಗೂ ಮೊದಲು ಹಾರ್ಡ್ ಡಿಸ್ಕಿನ ಪೂರ್ಣ ಪಡಿಯಚ್ಚನ್ನು ತೆಗೆದು, ಪ್ರಯೋಗಗಳನ್ನೆಲ್ಲ ಆ ಪಡಿಯಚ್ಚಿನ ಮೇಲೆ, ಹೊಸ ಗಣಕದೊಳಗೆ ಹಳೆಯದರಂತೆ ನಡೆಯುವ ‘ವರ್ಚುಯಲ್ ಮಷೀನ್’ನಲ್ಲಿ ನಡೆಸಬೇಕು. ಬೀಗ ಬೇಡುವ ಲಿಪಿಗಳು ಅಲ್ಲಿ ತೊಂದರೆ ಕೊಡಬಹುದು, ಅಂಥವಕ್ಕೆ ಮೂಲ ಯಂತ್ರವೇ ಗತಿ. ಹಸ್ತಪ್ರತಿಯ ಸೂಚಿಯಲ್ಲಿ ಗರಿಗಳ ಸಂಖ್ಯೆ, ಲಿಪಿ, ಸ್ಥಿತಿಗಳನ್ನು ದಾಖಲಿಸುವಂತೆ ಪ್ರತಿ ಕಡತಕ್ಕೂ ಲಿಪಿಯ ಹೆಸರು, ಅದರ ಆವೃತ್ತಿ, ತಂತ್ರಾಂಶ, ಹಾಕಿದ ತೇಪೆಗಳನ್ನು ದಾಖಲಿಸಬೇಕು. ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನೆ ಪತ್ರಿಕೆಯ ಒಂದು ಘಟಕವಾಗಿ ಇದನ್ನು ಅಳವಡಿಸಿದರೆ, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಡಿಟಿಪಿ ಕೇಂದ್ರಗಳಿಂದಲೇ ತೊಡಗಬಹುದು. ಹುಲಿಕಲ್ಲು, ಆಗುಂಬೆಗಳ ಮಳೆ ಜೂನ್‌ನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಆ ತೇವದಲ್ಲಿ ಸಿ.ಡಿ.ಗಳಿಗೆ ಬೂಷ್ಟು ಹಿಡಿಯುತ್ತದೆ, ಕರೆಂಟು ಹೋಗಿಬಂದು ಹಳೆಯ ಡಿಸ್ಕುಗಳು ನಿಂತುಹೋಗುತ್ತವೆ. ಪಡಿಯಚ್ಚು ತೆಗೆಯುವ ಕೆಲಸಕ್ಕೆ ಈ ಮೂರು ತಾಲ್ಲೂಕುಗಳಲ್ಲಿ ಪ್ರಶಸ್ತವಾದ ಕಾಲ ಫೆಬ್ರವರಿಯಿಂದ ಮೇ ಮಧ್ಯದವರೆಗೆ.